ಅನ್ನಾ ಸೂವೆಲ್ ಎಂಬಾಕೆಯ ಚರಿತ್ರೆ

ಇಂಗ್ಲಂಡು ದೇಶದ ಮೂಡಣ ಕರಾವಳಿಯಲ್ಲಿ ಯಾರ್ಮತ್ ಎಂಬ ಪಟ್ಟಣವುಂಟು. ಅಲ್ಲಿ 1820ನೆಯ ಇಸವಿ ಮಾರ್ಚಿ ತಿಂಗಳ 30ನೆಯ ತಾರೀಖಿನಲ್ಲಿ ಅನ್ನಾ ಸೂವೆಲ್ ಎಂಬಾಕೆಯು ಹುಟ್ಟಿದಳು. ಆಯುಷ್ಯದ ಬಹುಭಾಗವನ್ನು ಕುಂಟಿಯಾಗಿ ಕಳೆದು ಐವತ್ತೆಂಟನೆಯ ವಯಸ್ಸಿನಲ್ಲಿ ತೀರಿಹೋದ ಈಕೆಯು ಬರೆದದ್ದು ಒಂದೇ ಪುಸ್ತಕ. ಆ ಪುಸ್ತಕದಲ್ಲಿ ಮೊದಲಿನಿಂದ ಕಡೆಯ ವರೆಗೂ ಮಾತಾಡುವದು ಒಂದು ಕುದುರೆಯೇ. ಕುದುರೆಯನ್ನು ಹೊಡೆದು ಬಗ್ಗಿಸದೆ ತಿಳಿಯಹೇಳಿ ಪಳಗಿಸುವದು ಹೇಗೆಂಬದನ್ನು ಲಾಯದ ಆಳುಗಳಿಗೂ ಬಂಡಿ ಹೊಡೆಯುವವರಿಗೂ ಮುಟ್ಟಿಸಿದವರಲ್ಲಿ ಈಕೆಗೆ ಸಮಾನರಾದವರು ಇಲ್ಲವೆಂದು ನಮ್ಮ ಎಣಿಕೆ. ಆದಕಾರಣ ಆಕೆಯ ಚರಿತ್ರೆಯನ್ನು ನಮ್ಮ ವಾಚಕರ ಮುಂದೆ ಇಡುತ್ತೇವೆ.

ಆಕೆಯ ತಂದೆಯಾದ ಐಸಾಕನೂ ತಾಯಿಯಾದ ಮೇರಿಯೂ ಕ್ವೇಕರರೆಂಬ ಪಂಗಡಕ್ಕೆ ಸೇರಿದವರು. ಈ ಪಂಗಡದವರು ಉಡುಪಿನಲ್ಲಿಯೂ ಮಾತಿನಲ್ಲಿಯೂ ಸರಳರು, ಯುದ್ಧಕ್ಕೆ ಹೋಗದವರು, ದೊಡ್ಡವರು ಚಿಕ್ಕವರು ಎನ್ನದೆ ಎಲ್ಲರನ್ನೂ ಒಂದೇ ವಿಧದಲ್ಲಿ ಮಾತಾಡಿಸುವವರು. ಐಸಾಕನು ಬಟ್ಟೆಯ ವ್ಯಾಪಾರದಲ್ಲಿ ನಷ್ಟಹೊಂದಿ, ಸಂಸಾರವನ್ನು ಲಂಡನ್ ನಗರಕ್ಕೆ ಕರೆದುಕೊಂಡು ಹೋದನು. ಅಲ್ಲಿಯೂ ಅವನ ಕೈ ಹಿಡಿಯಲಿಲ್ಲ. ಬಡತನದ ದೆಸೆಯಿಂದ ತಾಯಿಯೇ ಅನ್ನಾಳಿಗೂ ಆಕೆಯ ತಮ್ಮನಾದ ಫಿಲಿಪ್ಪನಿಗೂ ಮನೆಯಲ್ಲಿ ಪಾಠ ಹೇಳಿಕೊಡುತ್ತಿದ್ದಳು. ಮೂಕಪ್ರಾಣಿಗಳನ್ನು ನೋಯಿಸುವದು ಪಾಪವೆಂಬದು ಆ ಮನೆಯ ಮೊದಲನೆಯ ಪಾಠಗಳಲ್ಲಿ ಒಂದಾಗಿತ್ತು. ಒಂದು ದಿನ ಬೇಟೆಗಾರನೊಬ್ಬನು ಹೊಡೆದ ಹಕ್ಕಿಯು ಅವರ ತೋಟದೊಳಗೆ ಬಿತ್ತು. ಅವನು ಬಾಗಲಿಗೆ ಬಂದು ಅದನ್ನು ಕೇಳಲು, ಚಿಕ್ಕ ಹುಡುಗಿಯಾಗಿದ್ದ ಅನ್ನಾಳು ಅವನನ್ನು ಕ್ರೂರನೆಂದು ಮುಖಕ್ಕೆ ಹೇಳಿ, ಹಕ್ಕಿಯನ್ನು ಕೊಡದೆ ಕಳುಹಿಸಿಬಿಟ್ಟಳಂತೆ. ನಾರ್ಫೋಕ್ ಸೀಮೆಯ ಬಕ್ಸ್ಟನ್ ಎಂಬ ಹಳ್ಳಿಯಲ್ಲಿ ತಾಯಿಯ ಬಂಧುಗಳ ಹೊಲಮನೆಯಿತ್ತು. ರಜೆಯ ದಿನಗಳಲ್ಲಿ ಮಕ್ಕಳು ಅಲ್ಲಿಗೆ ಹೋಗುವರು. ಅಲ್ಲಿಯೇ ಆಕೆಯು ಕುದುರೆಯ ಮೇಲೆ ಕೂತುಕೊಳ್ಳಲು ಕಲಿತಳು.

ಹದಿನಾಲ್ಕು ವಯಸ್ಸಾಗಿದ್ದಾಗ ಒಂದು ದಿನ ಶಾಲೆಯಿಂದ ಹಿಂದಿರುಗುವಾಗ ಮಳೆ ಬಂತು. ಅನ್ನಾಳು ಮನೆಯ ಕಡೆಗೆ ಓಡುತ್ತಾ, ಬಾಗಲ ಸಮೀಪದಲ್ಲಿಯೇ ಕಾಲು ಜಾರಿ ಬಿದ್ದಳು. ಕಾಲಿನ ಹರಡು ಉಳುಕಿತು. ಇದು ನಾಲ್ಕು ದಿನದ ನೋವೆಂದು ಯಾರಾದರೂ ಎಣಿಸುವರು; ಆದರೆ ಆ ಕಾಲು ಮತ್ತೆ ಎಂದಿಗೂ ಸರಿಯಾಗಲಿಲ್ಲ. ವೈದ್ಯರು ತಮ್ಮ ತಮ್ಮ ಉಪಾಯಗಳನ್ನು ನಡಿಸಿದರು. ತಂದೆಗೆ ಬ್ರೈಟನ್ ಎಂಬ ಸಮುದ್ರತೀರದ ಊರಿನ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿದ್ದರಿಂದ, ಅಲ್ಲಿನ ಗಾಳಿಯು ಮಗಳಿಗೆ ಒಳ್ಳೇದಾದೀತೆಂದು ನಂಬಿದರು. ಜರ್ಮನಿಯ ಔಷಧನೀರಿನ ಊರುಗಳಿಗೂ ಆಕೆಯನ್ನು ಕರೆದುಕೊಂಡು ಹೋದರು. ಕೆಲವು ಕಾಲ ಗುಣ ಕಾಣುವದು, ಮತ್ತೆ ಬೀಳುವಳು. ಬಹುದೂರ ನಡೆಯುವದಾಗಲಿ ಬಹಳ ಹೊತ್ತು ನಿಲ್ಲುವದಾಗಲಿ ಆಕೆಯಿಂದ ಆಗಲೇ ಇಲ್ಲ.

ಹೀಗಿರಲಾಗಿ ಆಕೆಗೆ ಕುದುರೆಯೇ ಕಾಲಾಯಿತು. ಚಿಕ್ಕ ಬಂಡಿಗೆ ಒಂದು ತಟ್ಟುವನ್ನು ಹೂಡಿ ತಾನೇ ಹೊಡೆದುಕೊಂಡು ಹೋಗುವಳು; ತಂದೆಯನ್ನು ರೈಲು ನಿಲ್ದಾಣಕ್ಕೆ ಮುಟ್ಟಿಸಿ ಮತ್ತೆ ಮನೆಗೆ ತರುವಳು. ಕೈಯಲ್ಲಿ ಚಾವಟಿಯಿಲ್ಲ. ಗ್ರಂಥಕರ್ತಳಾದ ಶ್ರೀಮತಿ ಬೇಲಿ ಎಂಬಾಕೆಯು ಒಂದು ಸಾರಿ ಅವರ ಮನೆಗೆ ಬಂದು ಹಿಂದಿರುಗುವಾಗ, ಮಳೆಯಲ್ಲಿ ಅನ್ನಾಳು ಆಕೆಯನ್ನು ನಿಲ್ದಾಣಕ್ಕೆ ಕರೆದುಕೊಂಡು ಹೋದಳು. ಲಗಾಮು ಅನ್ನಾಳ ಕೈಯಲ್ಲಿ ಸಡಿಲವಾಗಿತ್ತು; ಅದನ್ನು ಎಳೆಯದೆ, ಮನುಷ್ಯರೊಡನೆ ಮಾತಾಡುವಂತೆ ಕುದುರೆಯೊಡನೆ ಮಾತಾಡುತ್ತಲೇ ನಡಿಸಿದಳು. ಬೇಲಿಯಮ್ಮನು ಇದನ್ನು ನೋಡಿ ಆಶ್ಚರ್ಯಪಟ್ಟು, ಪ್ರಾಣಿಗಳ ವಿಷಯವಾಗಿ ಅಮೇರಿಕದ ಬೋಧಕನಾದ ಹೊರೇಸ್ ಬುಶ್ನೆಲ್ ಎಂಬವನು ಬರೆದದ್ದನ್ನು ದಾರಿಯಲ್ಲಿ ಆಕೆಗೆ ತಿಳಿಸಿದಳು. ಆ ದಿನದ ಸಂಭಾಷಣೆಯು ತನ್ನ ಮನಸ್ಸನ್ನು ಬಿಡಲಿಲ್ಲವೆಂದು ಅನ್ನಾಳು ಬಹು ವರುಷಗಳ ಬಳಿಕ ಆಕೆಗೆ ತಿಳಿಸಿದಳು. ಎರಡು ಕಾಲು ಗಟ್ಟಿಯಾಗಿರುವವನಿಗೆ ಕುದುರೆಯು ಒಂದು ಸೊತ್ತು. ತನ್ನ ಒಂದೊಂದು ಹೆಜ್ಜೆಗೂ ಅದರ ಒಪ್ಪಿಗೆಯನ್ನು ಕಾಯಬೇಕಾದ ಅನ್ನಾಳಿಗೆ ಅದರ ಮನಸ್ಸನ್ನು ತಿಳಿಯದೆ ವಿಧಿಯಿರಲಿಲ್ಲ.

ಸಂಸಾರವು ಊರಿಂದೂರಿಗೆ ಹೋಗುತ್ತಾ ವಿಕ್ ಎಂಬ ಹಳ್ಳಿಯಲ್ಲಿ ಕೆಲವು ವರುಷ ನಿಂತಿತು. ಅಲ್ಲಿನವರು ಗಣಿಯಲ್ಲಿಯೂ ಹೊಲಗದ್ದೆಗಳಲ್ಲಿಯೂ ದುಡಿಯುವ ಬಡವರು. ತಾಯಿ ಮಗಳಿಬ್ಬರೂ ಅವರಿಗಾಗಿ ಸಂಜೆಯ ಶಾಲೆಯನ್ನು ನಡಿಸಿ ಓದು ಬರಹ ಕಲಿಸಿದರು, ಕುಡಿತವನ್ನು ಬಿಡಿಸಲು ಪ್ರಯಾಸಪಟ್ಟರು. ಮೇರಿಯು ಅರುವತ್ತು ವಯಸ್ಸಿನ ಸುಮಾರಿಗೆ ಇಂಥ ಜನರಿಗೋಸ್ಕರ ಪದ್ಯಗಳನ್ನು ಬರೆಯಲಾರಂಭಿಸಿದಳು. ಅವು ಲಕ್ಷಗಟ್ಟಲೆ ಮಾರಿಹೋದವು. ಅವುಗಳಲ್ಲಿ ಒಂದೊಂದನ್ನೂ ಮೊದಲು ಕೇಳಿ ಹುಳುಕು ಹೇಳುವವಳು ಅನ್ನಾಳೇ. ಹೊಲದ ಕೆಲಸಗಾರನು ಇಂಥ ಮಾತನ್ನು ಆಡುವನೋ, ಇದನ್ನು ಓದಿ ತಿಳಿಯುವನೋ ಎಂದು ವಿಚಾರಿಸುವದು ಆಕೆಗೆ ಅಭ್ಯಾಸವಾಗಿ ಹೋಯಿತು. ತನಗೆ ಗೊತ್ತಿಲ್ಲದೆಯೇ ಮುಂದಿನ ಕೆಲಸಕ್ಕೆ ಅಣಿಯಾಗುತ್ತಿದ್ದಳು.

ಆ ಕಾಲದ ಕುದುರೆಗಳ ಸ್ಥಿತಿಯನ್ನು ಇಲ್ಲಿ ಸ್ವಲ್ಪ ಹೇಳಬೇಕು. ಮೋಟಾರು ಬಂಡಿಗಳು ಇನ್ನೂ ಹುಟ್ಟಿರಲಿಲ್ಲ. ರೈಲು ಬಂದಿದ್ದಾಗ್ಯೂ, ನಿಲ್ದಾಣದಿಂದ ಮನೆಗೆ ಬರಬೇಕಾದ ಮನುಷ್ಯರನ್ನೂ ಸಾಮಾನುಗಳನ್ನೂ ಎಳೆಯುವದೆಲ್ಲಾ ಕುದುರೆಯೇ. ದನಗಳನ್ನೂ ಕುದುರೆಗಳನ್ನೂ ಕ್ರೂರವಾಗಿ ನಡಿಸುವವರನ್ನು ದಂಡಿಸುವ ಕಾನೂನು 1822ರಲ್ಲಿ ಇಂಗ್ಲಂಡಿನಲ್ಲಿ ಹುಟ್ಟಿತು. 1824ರಲ್ಲಿ ಪ್ರಾಣಿಗಳಿಗೆ ಆಗುವ ಹಿಂಸೆಯನ್ನು ತಡೆಯುವ ಸಂಘವೂ ಏರ್ಪಟ್ಟಿತು. ಬೀದಿಯಲ್ಲಿ ಹೊಡೆದವನನ್ನು ಕಾನೂನು ಹಿಡಿಯಬಹುದು. ಆದರೆ ಮರಿಯ ಬಾಯಿಗೆ ಮೊದಲನೆಯ ಸಾರಿ ಕಡಿವಾಣ ಹಾಕುವವನ ಕೈಯನ್ನು ಮೃದು ಮಾಡಲು ಯಾವ ಕಾನೂನಿಗೆ ಶಕ್ತಿಯುಂಟು? ಸಾತ್ವಿಕವಾಗಿ ಪಳಗಿಸಬೇಕೆಂಬ ಉಪದೇಶವೇನೋ ಹೊಸದಲ್ಲ. ಗ್ರೀಕ್ ಸೇನಾಪತಿಯಾದ ಕ್ಸೆನೊಫೋನನು ಕ್ರಿಸ್ತನಿಗಿಂತ ಸುಮಾರು 350 ವರುಷಗಳ ಮೊದಲೇ, ಕುದುರೆಯೊಡನೆ ಕೋಪದಿಂದ ವ್ಯವಹರಿಸಬಾರದೆಂದು ಬರೆದಿದ್ದನು. 1858ರಲ್ಲಿ ಜಾನ್ ರೇರಿ ಎಂಬ ಅಮೇರಿಕದವನು ಲಂಡನಿಗೆ ಬಂದು, ಯಾರಿಗೂ ಬಗ್ಗದ ಕುದುರೆಗಳನ್ನು ಸ್ವಲ್ಪ ಹೊತ್ತಿನಲ್ಲಿಯೇ ಸಾಧುಮಾಡಿ ವಿಕ್ಟೋರಿಯಾ ರಾಣಿಗೂ ತೋರಿಸಿದನು. ಅವನು ಮುಂಗಾಲೊಂದನ್ನು ಪಟ್ಟಿಯಿಂದ ಮಡಿಚಿ ಕಟ್ಟಿ, ಕುದುರೆಯು ದಣಿದು ಮಲಗಿದ ಮೇಲೆ ಮೈಯೆಲ್ಲಾ ಸವರುವನು. ಚಾವಟಿಗಿಂತ ಇದು ಎಷ್ಟೋ ಮೇಲು. ಆದಾಗ್ಯೂ ಅಂಥ ಕುದುರೆಯು ಕಲಿತು ಒಪ್ಪಿತೋ, ಸೋತು ಸುಮ್ಮನಾಯಿತೋ ಎಂದು ಈಗಿನ ಬಲ್ಲವರು ಸಂಶಯಪಡುತ್ತಾರೆ. ಅದು ಹೇಗೂ ಇರಲಿ, ರೇರಿಯ ಪಾಠವನ್ನು ಕಲಿಯಲು ಹಣಕೊಟ್ಟು ಬಂದವರು ದೊಡ್ಡ ಮನುಷ್ಯರು. ಲಾಯದಲ್ಲಿ ಮಲಗುವ ಹುಡುಗನಿಗೆ ಹೇಳುವವರು ಯಾರೂ ಇರಲಿಲ್ಲ.

1867ರಲ್ಲಿ ಸೂವೆಲ್ ಸಂಸಾರವು ನಾರ್ವಿಚ್ ಪಟ್ಟಣದ ಬಳಿಯಲ್ಲಿರುವ ಓಲ್ಡ್ ಕ್ಯಾಟನ್ ಎಂಬ ಹಳ್ಳಿಗೆ ಬಂತು. ಫಿಲಿಪ್ಪನ ಹೆಂಡತಿಯು ಏಳು ಮಂದಿ ಮಕ್ಕಳನ್ನು ಬಿಟ್ಟು ತೀರಿಹೋಗಿದ್ದದರಿಂದ ಅವನಿಗೆ ನೆರವಾಗುವದು ಅವರ ಉದ್ದೇಶವಾಗಿತ್ತು. ಫಿಲಿಪ್ಪನ ಬಳಿಯಲ್ಲಿ ಬೆಸ್ ಎಂಬ ಕುದುರೆಯಿತ್ತು. ಪುಸ್ತಕದ ಕುದುರೆಗೆ ಇದೇ ಮಾದರಿಯೆಂದು ಹೇಳುವದುಂಟು. ನಾಲ್ಕು ವರುಷಗಳಲ್ಲಿ ಅನ್ನಾಳ ರೋಗವು ಹೆಚ್ಚಿತು. ಇನ್ನು ಒಂದೂವರೆ ವರುಷಕ್ಕಿಂತ ಹೆಚ್ಚು ಬದುಕಲಾರಳೆಂದು ವೈದ್ಯರು 1871ರಲ್ಲಿ ಹೇಳಿಬಿಟ್ಟರು. ಮರಣದ ಮಾತನ್ನು ಕೇಳಿದ ಅದೇ ವರುಷದಲ್ಲಿ ಆಕೆಯು ಕುದುರೆಯ ಚರಿತ್ರೆಯನ್ನು ಆರಂಭಿಸಿದಳು. ಮಂಚವನ್ನೋ ಒರಗುವ ಆಸನವನ್ನೋ ಬಿಟ್ಟು ಏಳಲಾರಳು. ಮನಸ್ಸಿನಲ್ಲಿ ಮಾತುಗಳನ್ನು ಜೋಡಿಸಿಕೊಂಡು ತಾಯಿಗೆ ಹೇಳಿ ಬರೆಯಿಸುವಳು. ಶಕ್ತಿಯಿದ್ದ ದಿನ ಸೀಸದ ಕಡ್ಡಿಯಿಂದ ಕಾಗದದ ಚೂರುಗಳಲ್ಲಿ ನಾಲ್ಕು ಸಾಲು ಗೀಚುವಳು, ಎಪ್ಪತ್ತು ದಾಟಿದ ತಾಯಿಯು ಅವನ್ನು ಶುದ್ಧಪ್ರತಿಮಾಡುವಳು. ತಿಂಗಳುಗಟ್ಟಲೆ ಏನೂ ನಡೆಯದೆ ನಿಂತದ್ದೂ ಉಂಟು. ವೈದ್ಯರು ಕೊಟ್ಟ ಅವಧಿಯು ಕಳೆದರೂ ಜೀವ ಹೋಗಲಿಲ್ಲ. ಹೀಗೆ ಆರು ವರುಷಗಳಲ್ಲಿ ಪುಸ್ತಕವು ಮುಗಿಯಿತು.

ಅದರ ಹೆಸರು ಬ್ಲ್ಯಾಕ್ ಬ್ಯೂಟಿ, ಅಂದರೆ ಕಪ್ಪು ಚೆಲುವ. ಬಿಳಾಮನ ಕತ್ತೆಯು ಒಂದೇ ಸಾರಿ ಬಾಯಿತೆರೆದು ತನ್ನ ಯಜಮಾನನನ್ನು ವಿಚಾರಿಸಿತೆಂದು ನಮ್ಮ ವಾಚಕರು ಬಲ್ಲರು. ಅನ್ನಾಳ ಕುದುರೆಯಾದರೋ ಹುಟ್ಟಿದ ಹುಲ್ಲುಗಾವಲಿನಿಂದ ಮುದಿತನದ ವರೆಗೂ ತನಗೆ ಆದದ್ದನ್ನೆಲ್ಲಾ ತಾನೇ ಹೇಳುತ್ತದೆ.

ಪಳಗಿಸುವ ವಿಷಯದಲ್ಲಿ ಈ ಪುಸ್ತಕವು ಎರಡು ಕುದುರೆಗಳನ್ನು ಪಕ್ಕಪಕ್ಕದಲ್ಲಿ ನಿಲ್ಲಿಸಿ ತೋರಿಸುತ್ತದೆ. ಎತ್ತಿಗೆ ಮೂಗುದಾರ ಹೇಗೋ ಹಾಗೆ ಕುದುರೆಗೆ ಕಡಿವಾಣ. ಕುದುರೆಯ ಮುಂಹಲ್ಲುಗಳಿಗೂ ದವಡೆಹಲ್ಲುಗಳಿಗೂ ನಡುವೆ ಹಲ್ಲಿಲ್ಲದ ಜಾಗವುಂಟು, ಬರಿಯ ವಸಡು. ಕಬ್ಬಿಣದ ತುಂಡು ಕೂತುಕೊಳ್ಳುವದು ಅಲ್ಲಿಯೇ. ಆದದರಿಂದ ಲಗಾಮನ್ನು ಹಿಡಿದ ಕೈಯ ಸಿಟ್ಟೆಲ್ಲಾ ನೇರವಾಗಿ ಆ ವಸಡಿಗೂ ನಾಲಿಗೆಗೂ ಇಳಿಯುತ್ತದೆ. ಕಪ್ಪು ಚೆಲುವನಿಗೆ ನಾಲ್ಕು ವರುಷವಾದಾಗ ಅದರ ಯಜಮಾನನು ಪಳಗಿಸುವ ಕೆಲಸವನ್ನು ತಾನೇ ವಹಿಸಿಕೊಂಡನು. ಧಾನ್ಯವನ್ನು ತಿನ್ನಿಸಿ, ಮೈದಡವಿ, ಸಮಾಧಾನದ ಮಾತಾಡುತ್ತಾ ಕಡಿವಾಣವನ್ನು ಬಾಯಿಗೆ ಸೇರಿಸಿದನು. ಕಬ್ಬಿಣವು ಕುದುರೆಗೆ ರುಚಿಸಲಿಲ್ಲ. ಆದರೆ ಇತರ ಕುದುರೆಗಳೂ ತನ್ನ ತಾಯಿಯೂ ಅದನ್ನು ಹಾಕಿಕೊಳ್ಳುವದನ್ನು ಕಂಡಿತ್ತು. ಅದಕ್ಕೆ ಒಗ್ಗಿದ ಬಳಿಕ ಜೀನು. ಜೀನು ಹಾಕಿ ಕೆಲವು ದಿನ ಸುಮ್ಮನೆ ನಡಿಸಿದ ಮೇಲೆ ಸವಾರಿ. ಲಾಳ ಕಟ್ಟಿಸುವಾಗ ಹೆದರದಂತೆ ಕಮ್ಮಾರನ ಬಳಿಗೆ ಯಜಮಾನನೇ ಸಂಗಡ ಹೋದನು. ಕೊನೆಗೆ ಬಂಡಿಗೆ ಹೂಡುವಾಗ ಅದರ ತಾಯಿಯನ್ನೇ ಜೊತೆಗೆ ಕಟ್ಟಿದನು. ಮರಿಯು ತಾಯಿಯನ್ನು ನೋಡಿ ಕಲಿಯಿತು.

ಇದರಲ್ಲಿ ನಮಗೆ ಬಹಳ ಮೆಚ್ಚಿಕೆಯಾದದ್ದು ರೈಲಿನ ಸಂಗತಿ. ಹೊಗೆಯುಗುಳುತ್ತಾ ಅಬ್ಬರಿಸುವ ಉಗಿಬಂಡಿಯನ್ನು ಕಂಡು ಹೆದರಿ ಓಡಿ ಸತ್ತ, ಕೊಂದ ಕುದುರೆಗಳು ಆ ಕಾಲದಲ್ಲಿ ಅನೇಕ. ಈ ಯಜಮಾನನು ಮಾಡಿದ್ದೇನಂದರೆ, ಮರಿಯನ್ನು ರೈಲುದಾರಿಯ ಪಕ್ಕದಲ್ಲಿದ್ದ ನೆರೆಯವನ ಹುಲ್ಲುಗಾವಲಿಗೆ ಎರಡು ವಾರ ಮೇಯಲು ಬಿಟ್ಟನು. ಮೊದಲನೆಯ ಬಂಡಿ ಬಂದಾಗ ಅದು ಹೊಲದ ಆಚೇ ಕೊನೆಗೆ ಹಾರಿ ಓಡಿತು. ಅಲ್ಲಿದ್ದ ಆಕಳುಗಳು ತಲೆಯೆತ್ತಲೂ ಇಲ್ಲ. ದಿನಕ್ಕೆ ಎಷ್ಟೋ ಸಾರಿ ಬಂಡಿಗಳು ಬಂದವು, ಹೋದವು. ಯಾವದೂ ಹೊಲದೊಳಗೆ ಬರಲಿಲ್ಲ, ಕಚ್ಚಲಿಲ್ಲ. ಕೆಲವು ದಿನಗಳಾದ ಬಳಿಕ ಮರಿಯೂ ಆಕಳುಗಳಂತೆ ಹುಲ್ಲನ್ನೇ ನೋಡಿಕೊಂಡಿತು. ಯಾರೂ ಅದನ್ನು ಹಿಡಿದು ನಿಲ್ಲಿಸಲಿಲ್ಲ, ಯಾರೂ ಹೊಡೆಯಲಿಲ್ಲ. ಕುದುರೆಯು ಓಡಿ ಪ್ರಾಣ ಉಳಿಸಿಕೊಳ್ಳುವ ಪ್ರಾಣಿ. ಹೆದರಿದಾಗ ಅದನ್ನು ಹೊಡೆದರೆ, ಹೆದರಿಕೆಯ ವಸ್ತುವಿನ ಸಂಗಡ ನೋವೂ ಸೇರಿ ಹೆದರಿಕೆಯು ಎರಡರಷ್ಟಾಗುವದು.

ಇನ್ನೊಂದು ಕುದುರೆಯ ಹೆಸರು ಜಿಂಜರ್. ಇದನ್ನು ಪಳಗಿಸಿದ್ದು ಬೇರೆ ರೀತಿ. ಹೊಲದ ಮೂಲೆಗೆ ಅಟ್ಟಿ, ಒಬ್ಬನು ಮುಂದಲೆಯ ಕೂದಲನ್ನೂ ಇನ್ನೊಬ್ಬನು ಮೂಗನ್ನೂ ಹಿಡಿದು ಉಸಿರುಗಟ್ಟಿಸಿ, ಮತ್ತೊಬ್ಬನು ದವಡೆಯನ್ನು ಸೀಳಿದಂತೆ ತೆರೆದು ಕಬ್ಬಿಣವನ್ನು ತುರುಕಿದನು. ಒಬ್ಬನು ಎಳೆದನು, ಒಬ್ಬನು ಹಿಂದಿನಿಂದ ಹೊಡೆದನು. ಅವರು ಏನು ಬಯಸುತ್ತಾರೆಂಬದನ್ನು ತಿಳಿದುಕೊಳ್ಳಲು ಅದಕ್ಕೆ ಅವಕಾಶವೇ ಸಿಕ್ಕಲಿಲ್ಲ. ಜಿಂಜರ್ ಕಚ್ಚುವ, ಒದೆಯುವ ಕುದುರೆಯಾಯಿತು. ಮುಂದೆ ಒಳ್ಳೇ ಮನೆಯೊಂದಕ್ಕೆ ಬಂದಾಗ ಅಲ್ಲಿನ ಬಂಡಿಯವನಾದ ಜಾನ್ ಮ್ಯಾನ್ಲಿಯು ಅದಕ್ಕೆ ದಿನಾಲೂ ಕೊಟ್ಟ ಮದ್ದನ್ನು ಅನ್ನಾಳು ನಗುತ್ತಾ ಒಂದು ಮನೆಮದ್ದಿನಂತೆ ವರ್ಣಿಸುತ್ತಾಳೆ: ದೀರ್ಘಶಾಂತಿ, ಮೃದುತ್ವ, ದೃಢತೆ, ಮುದ್ದು, ಇವು ಸಮತೂಕ, ಕಲಸಲು ಸ್ವಲ್ಪ ವಿವೇಕ. ದೃಢತೆಯನ್ನು ಆಕೆಯು ಬಿಟ್ಟಿಲ್ಲವೆಂಬದನ್ನು ವಾಚಕರು ಗಮನಿಸಬೇಕು. ಕುದುರೆಯು ತನ್ನ ಮನಸ್ಸಿಗೆ ಬಂದ ಹಾಗೆ ನಡೆಯಲೆಂದು ಆಕೆಯು ಎಲ್ಲಿಯೂ ಬರೆಯಲಿಲ್ಲ. ಈಗಿನ ಕಾಲದ ಪಳಗಿಸುವವರೂ ಇದನ್ನೇ ಹೇಳುತ್ತಾರೆ: ಲಗಾಮನ್ನು ಮೆಲ್ಲಗೆ ಬಿಗಿಮಾಡಿದಾಗ ಕುದುರೆಯು ಹೇಳಿದಂತೆ ನಡೆದರೆ, ಆ ಕ್ಷಣದಲ್ಲಿಯೇ ಕೈಯನ್ನು ಸಡಿಲಿಸಬೇಕು, ಆ ಸಡಿಲಿಕೆಯೇ ಅದಕ್ಕೆ ಪಾಠ. ವಿಧೇಯವಾದ ಮೇಲೂ ಎಳೆಯುವವನು ಅದಕ್ಕೆ ಏನನ್ನೂ ಕಲಿಸಲಾರನು.

ಕ್ರೂರತ್ವವೆಲ್ಲಾ ದುಷ್ಟತನದಿಂದಲೇ ಬರುವದಿಲ್ಲವೆಂಬದನ್ನು ಅನ್ನಾಳು ಚೆನ್ನಾಗಿ ಅರಿತಿದ್ದಳು. ಪುಸ್ತಕದಲ್ಲಿ ಜೋ ಗ್ರೀನ್ ಎಂಬ ಹುಡುಗನಿದ್ದಾನೆ, ಒಳ್ಳೇ ಹುಡುಗ. ಯಜಮಾನಿಯು ಸಾಯುವಂತಿದ್ದ ರಾತ್ರಿಯಲ್ಲಿ ವೈದ್ಯನನ್ನು ಕರೆತರಲು ಓಡಿ ಬೆವತು ಹಿಂದಿರುಗಿದ ಕಪ್ಪು ಚೆಲುವನಿಗೆ ಅವನು ಪ್ರೀತಿಯಿಂದಲೇ ತಣ್ಣೀರನ್ನು ಹೊಟ್ಟೆತುಂಬ ಕುಡಿಸಿ, ಮೈಗೆ ಕಂಬಳಿ ಹೊದಿಸದೆ ಮಲಗಲು ಹೋದನು. ಕುದುರೆಗೆ ಪುಪ್ಪುಸದ ಬಾವು ಬಂದು ಸಾವಿನ ಬಾಗಲಿಗೆ ಹೋಯಿತು. ಹುಡುಗನ ತಂದೆಯು ಅದು ಬರೀ ಅಜ್ಞಾನವೆಂದು ಬೇಡಿಕೊಳ್ಳಲು, ಜಾನ್ ಮ್ಯಾನ್ಲಿಯು ಆ ಮಾತಿಗೇ ಸಿಟ್ಟಾದನು. ಅವನ ಮತದಲ್ಲಿ, ಕೆಟ್ಟತನವನ್ನು ಬಿಟ್ಟರೆ ಲೋಕದಲ್ಲಿ ಅಜ್ಞಾನದಷ್ಟು ಕೇಡು ಮಾಡುವದು ಬೇರೆ ಇಲ್ಲ. ತಿಳಿಯದೆ ಮಾಡಿದೆವೆಂದು ಹೇಳಿ ಸುಮ್ಮನಾಗುವ ಅಭ್ಯಾಸ ನಮಗೂ ಇರುವದರಿಂದ, ಈ ಭಾಗವನ್ನು ಓದುವಾಗ ನಾವು ಸ್ವಲ್ಪ ತಲೆತಗ್ಗಿಸಿದೆವು. ಆದರೆ ಸತ್ಯವನ್ನು ಹೇಳಬೇಕಾದರೆ, ಕಾದ ಮೈಯ ಕುದುರೆಗೆ ತಣ್ಣೀರು ವಿಷವೆಂಬ ಆ ಕಾಲದ ನಂಬಿಕೆಯನ್ನು ಈಗಿನ ಪಶುವೈದ್ಯರು ಒಪ್ಪುವದಿಲ್ಲ. ಈ ಒಂದು ವಿಷಯದಲ್ಲಿ ಅನ್ನಾಳೂ ತನ್ನ ಕಾಲದವರಂತೆಯೇ ಅಜ್ಞಳಾಗಿದ್ದಳು.

ಆಕೆಯ ಸಿಟ್ಟೆಲ್ಲಾ ತಿರುಗಿದ್ದು ಒಂದು ಪಟ್ಟಿಯ ಮೇಲೆ. ದೊಡ್ಡ ಮನೆಯವರ ಬಂಡಿಗಳ ಕುದುರೆಗಳು ತಲೆಯನ್ನು ಮೇಲಕ್ಕೆತ್ತಿ ಬಿಂಕದಿಂದ ನಿಂತಂತೆ ಕಾಣಬೇಕೆಂಬ ಆಸೆಯಿಂದ, ಕಡಿವಾಣದಿಂದ ಬೆನ್ನಿನ ಸಜ್ಜಿಗೆ ಒಂದು ಗಿಡ್ಡ ಪಟ್ಟಿಯನ್ನು ಬಿಗಿಯುತ್ತಿದ್ದರು. ಅದನ್ನು ನಾವು ಬಿಗಿಲಗಾಮು ಎಂದು ಕರೆಯೋಣ. ಏರು ಹತ್ತುವಾಗ ನಮ್ಮ ಎತ್ತು ಕುತ್ತಿಗೆಯನ್ನು ತಗ್ಗಿಸಿ, ಮೈಭಾರವನ್ನೆಲ್ಲಾ ನೊಗಕ್ಕೆ ಕೊಡುವದನ್ನು ನೀವು ನೋಡಿದ್ದೀರಿ. ಕುದುರೆಯೂ ಹಾಗೆಯೇ ತಲೆ ತಗ್ಗಿಸಿ ಎಳೆಯಬೇಕು. ಬಿಗಿಲಗಾಮು ಇದ್ದರೆ ತಗ್ಗಿಸಲಾರದು. ತನ್ನ ಭಾರದ ಸಹಾಯವಿಲ್ಲದೆ ಬೆನ್ನು ಕಾಲುಗಳ ಬಲದಿಂದಲೇ ಎಳೆಯಬೇಕು. ಬಾಯಿ ಹುಣ್ಣಾಗುವದು, ಉಸಿರುನಾಳ ಒತ್ತಿಕೊಂಡು ಉಸಿರಾಟ ಕೆಡುವದು. ಇಷ್ಟೆಲ್ಲವೂ ಬಂಡಿಯಲ್ಲಿ ಕೂತ ಅಮ್ಮನವರ ಕಣ್ಣಿಗೆ ಅಂದವಾಗಿ ಕಾಣಲೆಂದೇ. ಈ ಹಿಂಸೆಯನ್ನು ಮಾಡುವವರು ಕುಡುಕರೂ ಒರಟರೂ ಅಲ್ಲ, ಮರ್ಯಾದಸ್ಥರು ಎಂಬದೇ ಅನ್ನಾಳಿಗೆ ಸಹಿಸಲಾಗದ ಮಾತಾಗಿತ್ತು.

ಬಡ ಬಂಡಿಯವನ ವಿಷಯದಲ್ಲಾದರೋ ಆಕೆಯು ಹೆಚ್ಚು ಕನಿಕರವುಳ್ಳವಳು. ಲಂಡನಿನ ಬಾಡಿಗೆ ಬಂಡಿಯವರಲ್ಲಿ ಅನೇಕರು ಕುದುರೆಯನ್ನೂ ಬಂಡಿಯನ್ನೂ ಮಾಲೀಕನಿಂದ ದಿನಬಾಡಿಗೆಗೆ ತೆಗೆದುಕೊಳ್ಳುತ್ತಿದ್ದರು. ಪುಸ್ತಕದ ಸ್ಯಾಮ್ ಎಂಬವನು ದಿನಕ್ಕೆ 18 ಶಿಲಿಂಗ್ ಮಾಲೀಕನಿಗೆ ಕಟ್ಟಿದ ಮೇಲೆಯೇ ತನ್ನ ಮಕ್ಕಳ ರೊಟ್ಟಿಗಾಗಿ ದುಡಿಯಬೇಕು. ಅಂಥವನು ದಣಿದ ಕುದುರೆಯನ್ನು ಹೊಡೆದರೆ ತಪ್ಪು ಯಾರದು? ಹೊಡೆದವನದೋ, ಬಾಡಿಗೆ ಹಿಂಡಿದವನದೋ, ಕಾಸು ಉಳಿಸಲು ಚೌಕಾಸಿ ಮಾಡಿ ಬೇಗ ಹೊಡೆಯೆಂದು ಅವಸರಪಡಿಸಿದ ಪ್ರಯಾಣಿಕನದೋ? ಆಕೆಯು ಮೂವರನ್ನೂ ಬಿಡುವದಿಲ್ಲ. ಇವನ ಎದುರಿಗೆ ಜೆರ್ರಿ ಬಾರ್ಕರ್ ಎಂಬವನನ್ನು ನಿಲ್ಲಿಸಿದ್ದಾಳೆ. ಅವನು ತನ್ನ ಕುದುರೆಗೂ ತನಗೂ ಏಳರಲ್ಲಿ ಒಂದು ದಿನದ ವಿಶ್ರಾಂತಿ ಬೇಕೆಂದು, ಕರ್ತನ ದಿನದಲ್ಲಿ ಬಂಡಿ ಹೂಡದೆ, ಅದರಿಂದ ಬಂದ ನಷ್ಟವನ್ನು ತಾಳಿಕೊಂಡನು.

ನಾರ್ವಿಚಿನ ಜಾರಲ್ಡ್ ಎಂಬ ಮುದ್ರಣದವರು ಹಸ್ತಪ್ರತಿಯನ್ನು 40 ಪೌಂಡಿಗೆ ಕೊಂಡುಕೊಂಡು 1877ನೆಯ ನವೆಂಬರ್ 24ರಲ್ಲಿ ಪ್ರಕಟಿಸಿದರು. ಅನ್ನಾಳಿಗೆ ಬಂದ ಹಣ ಅಷ್ಟೇ. ಬಳಿಕ ಅದು ಎಷ್ಟು ಮಾರಿದರೂ ಆಕೆಯ ಮನೆಯವರಿಗೆ ಪಾಲಿರಲಿಲ್ಲ. ಅದನ್ನು ಈಗ ಎಲ್ಲರೂ ಮಕ್ಕಳ ಪುಸ್ತಕವೆಂದು ಎಣಿಸುತ್ತಾರೆ. ಆಕೆಯು ಬರೆದದ್ದು ಕುದುರೆಯ ಸಂಗಡ ದುಡಿಯುವವರಿಗಾಗಿ. ಅಮೇರಿಕದ ಬೋಸ್ಟನ್ ನಗರದಲ್ಲಿ ಪ್ರಾಣಿಗಳ ರಕ್ಷಣೆಗಾಗಿ ದುಡಿಯುತ್ತಿದ್ದ ವಕೀಲ ಜಾರ್ಜ್ ಏಂಜೆಲ್ ಎಂಬವನು ಆಕೆಯ ಉದ್ದೇಶವನ್ನು ಸರಿಯಾಗಿ ತಿಳಿದುಕೊಂಡನು. ಅವನು 1890ರಲ್ಲಿ ಅದನ್ನು ಅಗ್ಗವಾಗಿ ಅಚ್ಚುಹಾಕಿಸಿ ಬಂಡಿಯವರಿಗೂ ಲಾಯದವರಿಗೂ ಹಂಚಿಸಿದನು. ಯಾರ ಅಪ್ಪಣೆಯನ್ನೂ ಕೇಳಲಿಲ್ಲ, ಯಾರಿಗೂ ಹಣ ಕೊಡಲಿಲ್ಲ. ಇದು ನ್ಯಾಯವಲ್ಲವೆಂದು ನಾವು ಹೇಳಲೇಬೇಕು. ಆದರೂ ಎರಡು ವರುಷಗಳಲ್ಲಿ ಆ ದೇಶದೊಳಗೆ ಹತ್ತು ಲಕ್ಷ ಪ್ರತಿಗಳು ಹರಡಿದವೆಂದು ಲೆಕ್ಕ. ಬಿಗಿಲಗಾಮು ಎರಡು ದೇಶಗಳಲ್ಲಿಯೂ ಮೆಲ್ಲಮೆಲ್ಲಗೆ ಬಳಕೆ ತಪ್ಪಿತು. ಮೋಟಾರು ಬಂಡಿಯು ಬಂದು ಕುದುರೆಯನ್ನೇ ಬೀದಿಯಿಂದ ಬಿಡಿಸುವದಕ್ಕೆ ಮುಂಚೆ ಎಷ್ಟೋ ಕುದುರೆಗಳಿಗೆ ಈ ಬಿಡುಗಡೆಯಾಯಿತು.

ಇದೊಂದನ್ನೂ ಅನ್ನಾಳು ನೋಡಲಿಲ್ಲ. ಪುಸ್ತಕವು ಹೊರಟ ಐದು ತಿಂಗಳಲ್ಲಿ, 1878ನೆಯ ಎಪ್ರಿಲ್ 25ರಲ್ಲಿ ಆಕೆಯು ತೀರಿಹೋದಳು. ತಾನು ಕುದುರೆ ಹತ್ತಲು ಕಲಿತ ಬಕ್ಸ್ಟನಿನ ಮಗ್ಗುಲಲ್ಲಿ ಲಾಮಸ್ ಎಂಬಲ್ಲಿ ಕ್ವೇಕರರ ಸಮಾಧಿಭೂಮಿಯುಂಟು. ಅಲ್ಲಿ ಆಕೆಯನ್ನು ಹೂಣಿಡಬೇಕಾಗಿತ್ತು. ಆ ದಿನ ಹೆಣದ ಬಂಡಿಯೂ ದುಃಖಿತರ ಬಂಡಿಗಳೂ ಮನೆಯ ಮುಂದೆ ಬಂದು ನಿಂತವು. ಎಂಬತ್ತನ್ನು ಮುಟ್ಟಿದ್ದ ತಾಯಿಯು ಮಹಡಿಯ ಕಿಟಕಿಯಿಂದ ಕೆಳಗೆ ನೋಡಿದಳು. ಕುದುರೆಗಳ ತಲೆಗಳು ಬಿಗಿಲಗಾಮಿನಿಂದ ಮೇಲಕ್ಕೆ ಎಳೆದು ಕಟ್ಟಿದ್ದವು. ಆಕೆಯು ಅಯ್ಯೋ ಇದು ಆಗಲಾರದು ಎಂದುಕೊಂಡು ಕೆಳಗಿಳಿದು ಬಂದು, ಒಂದೊಂದು ಕುದುರೆಯ ಬಿಗಿಲಗಾಮನ್ನೂ ಬಿಚ್ಚಿಸಿದಳು. ಬಿಚ್ಚಿದ ಮೇಲೆಯೇ ಬಂಡಿಗಳು ಲಾಮಸಿನ ಕಡೆಗೆ ಹೊರಟವು.